ಇಪ್ಪತ್ತೆಂಟನೇ ತಾರೀಖು

ನನ್ನ ಹೆಸರು ತರೀಸಾಯ್.
ನಮ್ಮ ಶೋನಾ ಮಾತಿನಲ್ಲಿ ಅದರರ್ಥ: ನೋಡಿ.
ನೋಡದೆ ಬಂದೆ.

ಗ್ವೇರುವಿನ ಏಜೆಂಟನ ಮೇಜಿನ ಮೇಲೆ
ಅಣ್ಣನ ವ್ಯಾನು ಮಾರಿದ ದುಡ್ಡಿಟ್ಟೆ.
ಅವನು ಎರಡು ಸಲ ಎಣಿಸಿದ.
ಇದು ಯಾತಕ್ಕೆ ಎಂದು
ನಾನು ಒಂದು ಸಲವೂ ಕೇಳಲಿಲ್ಲ.
ವಾರಕ್ಕೆ ಮೂವತ್ತೊಂಬತ್ತು ಗಂಟೆ ಕೆಲಸ, ಇರಲು ಕೋಣೆ,
ಮೂಗಿಗೆ ಸವರಿದ ತುಪ್ಪದ ಘಮ
ವಿಮಾನ ಇಳಿಯುವವರೆಗೂ ಇತ್ತು.

ಗ್ರಿಮ್ಸ್‌ಬಿಯಲ್ಲಿ ಕಂಪನಿಯೆಂದರೆ
ಕಾರ್ಪೆಟ್ ಅಂಗಡಿಯ ಮೇಲೊಂದು ಬಾಗಿಲು.
ಸಿಕ್ಕಿದ್ದು ಹನ್ನೊಂದು ಗಂಟೆ.
ಒಬ್ಬ ಮುದುಕಿಯ ಮನೆಯಿಂದ ಇನ್ನೊಬ್ಬಳ ಮನೆಗೆ
ನೆನೆದುಕೊಂಡು ನಡೆದದ್ದು ಲೆಕ್ಕಕ್ಕಿಲ್ಲ,
ಕೋಣೆಯ ಬಾಡಿಗೆ ಮಾತ್ರ ಒಂದು ಪೆನ್ನಿಯೂ ತಪ್ಪಲಿಲ್ಲ.
ಒಂದು ಸೋಮವಾರ ಆ ಬಾಗಿಲಿಗೆ ಬೀಗ.
ಆಮೇಲೆ ಕಾಗದ:
ಅವರ ಪರವಾನಗಿ ರದ್ದು. ನಿಮಗೆ ಅರವತ್ತು ದಿನ.

ಫ್ರಿಜ್ಜಿನ ಬಾಗಿಲ ಮೇಲೆ ದಿನ ಬರೆಯುತ್ತ ಹೋದೆ.
ಜೊತೆಗಿದ್ದ ಒಮೊಲಾರಾ ಅಂಗೈಯಿಂದ ಒರೆಸಿದಳು,
‘ಹಾಲು ತೆಗೆಯುವಾಗಲೆಲ್ಲ ಇದನ್ನು ನೋಡಲಾರೆ ಮಾರಾಯ್ತಿ.’
ಒರೆಸಿದರೂ ಅಂಕಿ ಇಳಿಯುತ್ತಲೇ ಇತ್ತು.

ಸರ್ಕಾರದ ಪಟ್ಟಿಯಲ್ಲಿ ಹೆಸರಿದೆಯೇ ನೋಡು ಅಂದರು ಎಲ್ಲರೂ.
ನೋಡಿದೆ. ನೋಡಲೇಬೇಕು.
ಆದರೆ ಕಾರ್ಪೆಟ್ಟಿನ ಮೇಲಿನವನೂ
ಒಂದು ಕಾಲಕ್ಕೆ ಅದೇ ಪಟ್ಟಿಯಲ್ಲಿದ್ದ.

ಡಾನ್‌ಕಾಸ್ಟರಿನವನು ಫೋನಿನಲ್ಲಿ ಮಗಳೇ ಎಂದ,
ಮುಂದಿನ ಉಸಿರಿಗೇ ತರಬೇತಿಗೆ ಎರಡು ಸಾವಿರ ಎಂದ.
ಇನ್ನೊಬ್ಬಾಕೆ, ಪಾಸ್‌ಪೋರ್ಟು ನಮ್ಮ ಹತ್ತಿರವೇ ಇರಲಿ,
ಭದ್ರವಾಗಿರುತ್ತೆ.
ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು;
ಈಗ ನೀರನ್ನೂ ಊದಿ ಕುಡಿಯುತ್ತೇನೆ.

ಹದಿನೇಳು ದಿನ ಉಳಿದಿದ್ದವು.
ಕ್ಲೀಥೋರ್ಪ್ಸ್‌ನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿದ ಒಂದು ಆರೈಕೆ ಮನೆ.
ಸಂದರ್ಶನ ಹತ್ತಕ್ಕೆ. ಏಳೂವರೆಗೇ ಹೋಗಿ
ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆ.
ರಾತ್ರಿ ಪಾಳಿ ಮುಗಿಸಿ ಹೊರಬರುವವರ ಮುಖ
ಯಾವ ಜಾಹೀರಾತಿಗೂ ಸಿಗುವುದಿಲ್ಲ.
ಮನಿಲಾ ಕಡೆಯ ಒಬ್ಬಳು, ಲಿಗಾಯಾ ಅಂತೆ ಹೆಸರು,
ನನ್ನ ಪಕ್ಕ ಕೂತು ಶೂ ಸಡಿಲಿಸಿದಳು.
ಕೇಳಿಯೇಬಿಟ್ಟೆ: ಸಂಬಳ ಎಷ್ಟನೇ ತಾರೀಖು?
‘ಇಪ್ಪತ್ತೆಂಟು.’ ಆಕಳಿಸಿದಳು.
‘ಭಾನುವಾರ ಬಿದ್ದರೆ ಶುಕ್ರವಾರವೇ.’
ಕೇಳಿದ ಮಾತಿಗೆ ಯೋಚಿಸದೆ ಬಂದ ಉತ್ತರ.
ಅಷ್ಟು ಸಾಕೇ? ಸಾಲದು.
ಆದರೂ ಒಳಗೆ ಹೋಗುವ ಕಾಲು ಬಂತು.

ಮ್ಯಾನೇಜರ್ ಗ್ಲೆನಿಸ್ ನನ್ನ ಕಾಗದ ಓದುತ್ತಿದ್ದಳು.
ಬಾಗಿಲಲ್ಲಿ ಒಬ್ಬ ಮುದುಕ, ಹಳೆಯ ಮೀನುದೋಣಿಯವನು,
ಕಿವಿಯ ಮಿಷನ್ನು ಕಳೆದಿದೆ ಎಂದು ಕೂಗಿದ.
ಅವಳು ಎದ್ದುಹೋದಳು.
ಹೊರಗೆ ಅವಳ ಮಂಡಿ ಲಟಕ್ಕೆಂದದ್ದು ಕೇಳಿಸಿತು,
ಸೋಫಾದಡಿ ಹುಡುಕುತ್ತಿರಬೇಕು.
ಹತ್ತು ನಿಮಿಷ. ನನ್ನ ಟೀ ತಣ್ಣಗಾಯಿತು.
ತಣ್ಣಗಾದ ಟೀ ಅಷ್ಟು ರುಚಿಯೆನಿಸಿದ್ದು ಅದೇ ಮೊದಲು.

ಬಂದವಳು, ಕೈಗೆ ಧೂಳು ಮೆತ್ತಿಕೊಂಡೇ ಹೇಳಿದಳು:
‘ಪ್ರಾಯೋಜನೆಯ ಶುಲ್ಕ ನಮ್ಮದು. ಯಾರಾದರೂ
ನನ್ನ ಹೆಸರು ಹೇಳಿ ದುಡ್ಡು ಕೇಳಿದರೆ
ಮೊದಲು ನನಗೆ ಫೋನು ಮಾಡು.’
ನಾನು ಅಳಲಿಲ್ಲ. ಕಂಬಳಿ ಮಡಿಸುವ ಬಗೆ ಕೇಳಿದಳು, ಹೇಳಿದೆ.
ಪ್ರಮಾಣಪತ್ರದ ಸಂಖ್ಯೆ ಬಂದಾಗ
ಉಳಿದಿದ್ದವು ನಾಲ್ಕು ದಿನ.

ನಿನ್ನೆ ಗ್ವೇರುವಿನಿಂದ ಚಿಕ್ಕಮ್ಮನ ಮಗಳ ಫೋನು.
ಒಳ್ಳೆಯವರಂತಲ್ಲ ಅಕ್ಕಾ, ನಾನೂ ಬರಲಾ?
ಏಜೆಂಟ್ ಹೊರಗೇ ಕಾಯುತ್ತಿದ್ದಾನೆ.

ಅವನನ್ನು ಕಳಿಸು, ಅಂದೆ. ಒಂದು ಕಾಸೂ ಕೊಡಬೇಡ.
ನನಗಿನ್ನೂ ಒಂದು ತಿಂಗಳೂ ತುಂಬಿಲ್ಲ.
ತಡಿ.
ಇಪ್ಪತ್ತೆಂಟು ಬರಲಿ.